ಕೈಗಾದಲ್ಲಿ ಏನೋ ಆಗಿದೆಯಂತೆ: ಯಾರನ್ನು ಕೇಳಬೇಕು, ಏನಂತ ಕೇಳಬೇಕು

ಕಾರವಾರದಲ್ಲಿ ಕೂತು ಪತ್ರಿಕೆಗೆ ಸುದ್ದಿ ಕಳಿಸುವವರಿಗೆ ಒಂದು ಫೋನ್ ತಪ್ಪಿದ್ದಲ್ಲ. “ಕೈಗಾದಲ್ಲಿ ಏನೋ ಲೀಕ್ ಆಗಿದೆಯಂತೆ, ಹೌದಾ?” ಮಲ್ಲಾಪುರದ ಅಂಗಡಿಯವರು ಕೇಳುತ್ತಾರೆ, ಕದ್ರಾದ ಮೀನುಗಾರರು ಕೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು ಅಪ್ಪ ಅಮ್ಮನಿಗಿಂತ ಮೊದಲು ನನಗೆ ಫೋನ್ ಮಾಡುತ್ತಾರೆ. ಹೌದು ಅಂದರೆ ಊರೆಲ್ಲ ಗಾಬರಿ. ಇಲ್ಲ ಅಂದರೆ “ನೀವೂ ಅವರ ಕಡೆಯವರೇ” ಅನ್ನೋ ಮಾತು. ಹಾಗಾಗಿ ನಾನು ಎರಡನ್ನೂ ಹೇಳುವುದಿಲ್ಲ. ಯಾವ ಯೂನಿಟ್? ಯಾವ ದಿನ? ಯಾರು ಹೇಳಿದ್ದು, ಬರವಣಿಗೆಯಲ್ಲಿ ಇದೆಯಾ? ಈ ಮೂರನ್ನು ತಿರುಗಿ ಕೇಳುತ್ತೇನೆ.

ಇಷ್ಟು ವರ್ಷ ಈ ಸುದ್ದಿಗಳ ಹಿಂದೆ ಓಡಾಡಿದ ಮೇಲೆ ನನಗೆ ಗೊತ್ತಾಗಿರುವುದು ಇಷ್ಟು. “ಸುರಕ್ಷಿತವಾಗಿದೆಯಾ?” ಅಂತ ಕೇಳಿದರೆ “ಸುರಕ್ಷಿತವಾಗಿದೆ” ಅನ್ನೋ ಉತ್ತರವೇ ಬರುತ್ತದೆ. ಕಾಗದ ಕೇಳಿದರೆ ಕಾಗದ ಬರುತ್ತದೆ, ಇಲ್ಲವೇ ಕಾಗದ ಕೊಡುವುದಿಲ್ಲ ಅನ್ನೋ ಕಾಗದ ಬರುತ್ತದೆ. ಎರಡೂ ಉಪಯೋಗಕ್ಕೆ ಬರುತ್ತವೆ. ಅಣುಸ್ಥಾವರದಲ್ಲಿ ಏನೇ ಆದರೂ ಯಾರೋ ಯಾರಿಗೋ ಬರೆದು ತಿಳಿಸಲೇಬೇಕು. ಆ ಬರವಣಿಗೆ ಯಾವ ಕಚೇರಿಯಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು, ಆಗಿದ್ದು ಯಾವ ತರಹದ್ದು ಅಂತ ನೋಡಿ

ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಯೂನಿಟ್‌ಗಳಿವೆ. ಒಂದು ಯೂನಿಟ್ ನಿಂತಿತು ಅಂದ ಕೂಡಲೇ ಅದು ಘಟನೆ ಅಲ್ಲ. ಆಗಾಗ ನಿಗದಿತ ರಿಪೇರಿಗೆ ನಿಲ್ಲಿಸುತ್ತಾರೆ. ಗ್ರಿಡ್‌ನಲ್ಲಿ ಏರುಪೇರಾದರೂ ರಿಯಾಕ್ಟರ್ ತಾನಾಗಿ ‘ಟ್ರಿಪ್’ ಆಗಬಹುದು. ಟ್ರಿಪ್ ಅಂದರೆ ಸುರಕ್ಷಾ ವ್ಯವಸ್ಥೆ ತನ್ನ ಕೆಲಸ ಮಾಡಿತು ಅಂತ. ನಿಲ್ಲದೆ ಓಡಿದ ಉದಾಹರಣೆಯೂ ಇಲ್ಲಿಯದೇ. ಕೈಗಾ ಒಂದನೇ ಯೂನಿಟ್ 2016ರ ಮೇನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಸತತವಾಗಿ ಓಡಿ ಜಾಗತಿಕ ದಾಖಲೆ ಮಾಡಿತ್ತು. ಆಗ ಪೇಪರಿನಲ್ಲಿ ಮುಖಪುಟ. ಅದೇ ಯೂನಿಟ್ ಮಾಮೂಲಿ ರಿಪೇರಿಗೆ ನಿಂತರೆ ವಾಟ್ಸಾಪ್‌ನಲ್ಲಿ “ಬಂದ್!”

ಹೇಳಿಕೆಗಳಲ್ಲಿ ಎಲ್ಲರನ್ನೂ ಅಡ್ಡದಾರಿಗೆ ಎಳೆಯುವ ವಾಕ್ಯ ಒಂದಿದೆ. “ವಿಕಿರಣ ಹೊರಗೆ ಬಂದಿಲ್ಲ.” ಇದು ಪೂರ್ತಿ ನಿಜ ಇರಬಹುದು. ಆದರೂ ಘಟನೆ ದೊಡ್ಡದೇ ಆಗಿರಬಹುದು. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಬ್ಲೇಡ್ ಮುರಿದು, ಜನರೇಟರಿನ ಹೈಡ್ರೋಜನ್‌ಗೆ ಬೆಂಕಿ ಹತ್ತಿ, ಕೇಬಲ್‌ಗಳು ಸುಟ್ಟು, ಸ್ಥಾವರ ಸುಮಾರು 17 ಗಂಟೆ ಕರೆಂಟ್ ಇಲ್ಲದೆ ಉಳಿಯಿತು. ಹೊರಗೆ ವಿಕಿರಣ ಹೋಗಲಿಲ್ಲ. ಆದರೂ ಅಂತಾರಾಷ್ಟ್ರೀಯ ಮಾಪಕದಲ್ಲಿ ಅದಕ್ಕೆ 3ನೇ ಮಟ್ಟ ಸಿಕ್ಕಿತು. ಯಾಕೆಂದರೆ ಒಂದರ ಹಿಂದೆ ಒಂದರಂತೆ ಇಟ್ಟಿದ್ದ ರಕ್ಷಣೆಗಳು ಒಟ್ಟಿಗೇ ಕೈಕೊಟ್ಟಿದ್ದವು. ಇದಕ್ಕೆ ಪೂರ್ತಿ ಉಲ್ಟಾ ನಮ್ಮ ಕೈಗಾದ 2009ರ ಪ್ರಕರಣ. ಅಲ್ಲಿ ಯಂತ್ರ ಕೆಟ್ಟಿರಲಿಲ್ಲ, ಜನರ ಮೈಗೆ ವಿಕಿರಣ ಸೇರಿತ್ತು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಆ ಮಾಪಕದ ಹೆಸರು ಐಎನ್‌ಇಎಸ್. 0ಯಿಂದ 7ರವರೆಗೆ. 1ರಿಂದ 3 ‘ಘಟನೆ’, 4ರಿಂದ 7 ‘ಅಪಘಾತ’. ಒಂದೊಂದು ಮೆಟ್ಟಿಲಿಗೂ ತೀವ್ರತೆ ಸುಮಾರು ಹತ್ತು ಪಟ್ಟು ಜಾಸ್ತಿ. ಚೆರ್ನೋಬಿಲ್, ಫುಕುಶಿಮಾ ಎರಡೂ 7. ಹೇಳಿಕೆ ಓದುವಾಗ ಈ ಅಂಕಿ ಇದೆಯಾ ನೋಡಿ. ಇದ್ದರೆ “ತಾತ್ಕಾಲಿಕ” ಅನ್ನೋ ಪದ ಪಕ್ಕದಲ್ಲಿದೆಯಾ ನೋಡಿ. ಮೊದಲ ದಿನ ಕೊಟ್ಟ ಮಟ್ಟ ಆಮೇಲೆ ಬದಲಾಗಬಹುದು. ಫುಕುಶಿಮಾಕ್ಕೆ ಮೊದಲು ಕೊಟ್ಟದ್ದು 4. ಅದು 5 ಆಗಿ, 7 ಆಗಲು ಒಂದು ತಿಂಗಳು ಹಿಡಿಯಿತು.

‘ಎಮರ್ಜೆನ್ಸಿ’ ಅನ್ನೋ ಪದಕ್ಕೂ ಮೆಟ್ಟಿಲುಗಳಿವೆ. ಪ್ಲಾಂಟ್ ಎಮರ್ಜೆನ್ಸಿ ಅಂದರೆ ಸ್ಥಾವರದ ಕಟ್ಟಡದೊಳಗಿನ ವಿಷಯ. ಸೈಟ್ ಎಮರ್ಜೆನ್ಸಿ ಅಂದರೆ ಕಾಂಪೌಂಡ್ ಒಳಗಿನದು. ಆಫ್‌ಸೈಟ್ ಅಂದರೆ ಮಾತ್ರ ಊರಿನದು. 2016ರ ಮಾರ್ಚ್ 11ರಂದು, ಫುಕುಶಿಮಾ ಆಗಿ ಸರಿಯಾಗಿ ಐದು ವರ್ಷಕ್ಕೆ, ಗುಜರಾತಿನ ಕಾಕ್ರಾಪಾರ್ ಒಂದನೇ ಯೂನಿಟ್‌ನಲ್ಲಿ ಭಾರಜಲ, ಅಂದರೆ ರಿಯಾಕ್ಟರ್ ತಣ್ಣಗಿಡಲು ಬಳಸುವ ವಿಶೇಷ ನೀರು, ಸೋರಿ ‘ಪ್ಲಾಂಟ್ ಎಮರ್ಜೆನ್ಸಿ’ ಘೋಷಿಸಿದರು. ಕೆಲವರು ಅದನ್ನು ಊರು ಖಾಲಿ ಮಾಡಿಸುವ ಸುದ್ದಿ ಮಾಡಿದರು. ಇನ್ನು ಕೆಲವರು ಸುಮ್ನೆ ಸಣ್ಣ ಸೋರಿಕೆ ಅಂತ ಒಳಪುಟಕ್ಕೆ ಹಾಕಿದರು. ಎರಡೂ ಸರಿಯಲ್ಲ. ಮಾಪಕದಲ್ಲಿ ಅದು 1ನೇ ಮಟ್ಟದ್ದು, ನಿಜ. ಆದರೆ ಸೋರಿದ ಕೊಳವೆಯ ಕತೆ ಬೇರೆಯೇ ಇತ್ತು. ಆ ಯೂನಿಟ್‌ನ ಕೂಲಂಟ್ ಕೊಳವೆಗಳನ್ನೆಲ್ಲ ಬದಲಿಸಿ ಬರೀ ಐದು ವರ್ಷ ಆಗಿತ್ತು. ಅಷ್ಟರಲ್ಲೇ ಅವುಗಳ ಹೊರಮೈಯಲ್ಲಿ ತುಕ್ಕಿನ ತರಹದ ಕಲೆಗಳು ಎದ್ದಿದ್ದವು. ಪಕ್ಕದ ಎರಡನೇ ಯೂನಿಟ್ ಅದರ ಹಿಂದಿನ ವರ್ಷದ ಜುಲೈನಲ್ಲೇ ಇಂಥದೇ ಸೋರಿಕೆಯಿಂದ ನಿಂತಿತ್ತು. ಕೈಗಾದ್ದೂ ಅದೇ ಜಾತಿಯ ರಿಯಾಕ್ಟರ್. ಹಾಗಾಗಿ ಕಾರವಾರದವರು ಆಗ ಕೇಳಬೇಕಿದ್ದ ಪ್ರಶ್ನೆ “ಗುಜರಾತಿನ ವಿಕಿರಣ ಇಲ್ಲಿಗೆ ಬರುತ್ತಾ?” ಅಂತಲ್ಲ. “ನಮ್ಮ ಕೊಳವೆಗಳ ಹೊರಮೈ ಯಾವಾಗ ಪರೀಕ್ಷೆ ಮಾಡಿದಿರಿ, ವರದಿ ಎಲ್ಲಿ?” ಅಂತ.

ಯಾರ ಹತ್ತಿರ ಯಾವ ಕಾಗದ

ಎನ್‌ಪಿಸಿಐಎಲ್ ಸ್ಥಾವರ ನಡೆಸುವ ಕಂಪನಿ. ಘಟನೆ ಆದಾಗ ಮೊದಲ ಹೇಳಿಕೆ ಇವರದ್ದೇ. ಮೊದಲ ವರದಿ ಬರೆಯುವವರೂ ಇವರೇ.

ಎಇಆರ್‌ಬಿ ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಮುಂಬೈನ ಅಣುಶಕ್ತಿನಗರದಲ್ಲಿದೆ, 1983ರ ನವೆಂಬರ್ 15ರಂದು ಶುರುವಾಯಿತು. ಸ್ಥಾವರದಿಂದ ಬಂದ ಘಟನಾ ವರದಿ ಇಲ್ಲಿ ಮೂರು ಹಂತದಲ್ಲಿ ಪರಿಶೀಲನೆ ಆಗುತ್ತದೆ. ಕೆಳಗೆ ಆಯಾ ಸ್ಥಾವರದ ಸುರಕ್ಷಾ ಸಮಿತಿ, ಅದರ ಮೇಲೆ ‘ಸಾರ್ಕಾಪ್’ ಅನ್ನುವ ಸಮಿತಿ, ತುದಿಯಲ್ಲಿ ಮಂಡಳಿ. ಸಾರ್ಕಾಪ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ. ಓಡುತ್ತಿರುವ ಸ್ಥಾವರಗಳ ಬಗ್ಗೆ ತೂಕದ ಮಾತು ಆಗುವುದು ಅಲ್ಲಿ.

ಕಾಳಿ ನದಿಯ ನೀರು, ಹಾಲು, ಮೀನು, ತರಕಾರಿ, ಮಣ್ಣು ಇವುಗಳ ಪರೀಕ್ಷೆ ಮಾಡುವುದು ಪರಿಸರ ಸಮೀಕ್ಷಾ ಪ್ರಯೋಗಾಲಯ. ಅದು ಕೈಗಾದಲ್ಲೇ ಇದೆ, ಆದರೆ ಎನ್‌ಪಿಸಿಐಎಲ್‌ನದ್ದಲ್ಲ, ಬಾರ್ಕ್‌ನದ್ದು, ಅಂದರೆ ಭಾಭಾ ಅಣುಸಂಶೋಧನಾ ಕೇಂದ್ರದ್ದು. “ನಮ್ಮ ಊರಿನ ಹಾಲಿನಲ್ಲಿ ಏನಿದೆ” ಅಂತ ಕೇಳಬೇಕಾದ್ದು ಅವರನ್ನು.

ಊರಿನವರ ರಕ್ಷಣೆ ಜಿಲ್ಲಾಧಿಕಾರಿಯ ಜವಾಬ್ದಾರಿ. ಸ್ಥಾವರದ ಸುತ್ತ 16 ಕಿಲೋಮೀಟರ್ ಅಂತ ಲೆಕ್ಕ ಹಾಕಿ ಮಾಡಿದ ತುರ್ತು ಯೋಜನೆ ಡಿಸಿ ಕಚೇರಿಯಲ್ಲಿರುತ್ತದೆ. ಕಳವು, ಕಿಡಿಗೇಡಿತನ ಆದರೆ ಪೊಲೀಸರು. ಜಲಾಶಯಕ್ಕೆ ಬಿಡುವ ನೀರಿನ ಬಿಸಿ, ಕಾಲೊನಿಯ ಕೊಳಚೆ ಇತ್ಯಾದಿಗೆ ಮಾಲಿನ್ಯ ನಿಯಂತ್ರಣ ಮಂಡಳಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಸರಿಯಾಗುವುದಿಲ್ಲ. ಕಾವಲು ಕಾಯುವವರೂ ಕಾಯಿಸಿಕೊಳ್ಳುವವರೂ ಬಹುಕಾಲ ಒಂದೇ ಮನೆಯವರು. ಎಇಆರ್‌ಬಿ ವರದಿ ಒಪ್ಪಿಸುತ್ತಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಎನ್‌ಪಿಸಿಐಎಲ್ ಅದೇ ಇಲಾಖೆಯದ್ದು. ಇದರ ಬಿಸಿ ಮೊದಲು ತಟ್ಟಿದ್ದೂ ಕೈಗಾದಿಂದಲೇ. 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಒಂದನೇ ಯೂನಿಟ್‌ನ ಒಳ ಗುಮ್ಮಟದ ಕಾಂಕ್ರೀಟ್ ಈರುಳ್ಳಿ ಪದರ ಬಿಟ್ಟ ಹಾಗೆ ಬಿಟ್ಟು ಕೆಳಗೆ ಬಿತ್ತು. ಬಿದ್ದದ್ದು ನೂರು ಟನ್‌ಗೂ ಜಾಸ್ತಿ. ಆಗಿನ್ನೂ ಇಂಧನ ತುಂಬಿರಲಿಲ್ಲ. ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ ಮತ್ತೆ ಕಟ್ಟಬೇಕಾಯಿತು. ಆಗ ಎಇಆರ್‌ಬಿ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ನಿವೃತ್ತಿಯ ಮೇಲೆ, ಈ ಮಂಡಳಿಗೆ ಸ್ವಾತಂತ್ರ್ಯ ಇಲ್ಲ ಅಂತ ಬಹಿರಂಗವಾಗಿಯೇ ಬರೆಯುತ್ತ ಬಂದರು.

2012ರಲ್ಲಿ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ, ಇದೇ ಮಾತನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೇಳಿತು. ಎಇಆರ್‌ಬಿ ಒಂದು ಅಧೀನ ಕಚೇರಿ, ಸ್ವಂತ ನಿಯಮ ಮಾಡುವ ಅಧಿಕಾರ ಇಲ್ಲ. ನಿಯಮ ಮುರಿದವರಿಗೆ ಆಗ ಹಾಕಬಹುದಾಗಿದ್ದ ದಂಡ 500 ರೂಪಾಯಿ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನ ದಂಡ ನೆನಪಾಗಿ ನಗು ಬಂತು. ಸ್ವತಂತ್ರ ಪ್ರಾಧಿಕಾರ ಮಾಡುತ್ತೇವೆ ಅಂತ 2011ರಲ್ಲಿ ಮಸೂದೆ ಮಂಡಿಸಿದ್ದರು, 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಅದೂ ಮುಗಿಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ‘ಶಾಂತಿ’ ಕಾನೂನು ಎಇಆರ್‌ಬಿಗೆ ಕೊನೆಗೂ ಶಾಸನದ ಸ್ಥಾನ ಕೊಟ್ಟಿತು. ಜೊತೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಮಾಹಿತಿಯನ್ನು ‘ನಿರ್ಬಂಧಿತ’ ಅಂತ ಗುರುತಿಸಿ ಗುಟ್ಟಾಗಿಡುವ ಅಧಿಕಾರವನ್ನು ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ನಮ್ಮಂಥವರು ಕಣ್ಣಿಡಬೇಕಾದ್ದು ಈ ಕೊನೆಯದರ ಮೇಲೆ.

2009ರ ಕೂಲರ್: ಒಂದು ಪ್ರಕರಣ ಹೇಗೆ ಬಿಡಿಸಿ ಓದಬೇಕು

2009ರ ನವೆಂಬರ್ 24. ಕೈಗಾ ಒಂದನೇ ಯೂನಿಟ್ ವಾರ್ಷಿಕ ರಿಪೇರಿಗೆ ನಿಂತಿತ್ತು. ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷೆ ಮಾಡುವುದು ಅಲ್ಲಿ ರೂಢಿ. ಆ ಪರೀಕ್ಷೆಯಲ್ಲಿ ಕೆಲವರಲ್ಲಿ ಟ್ರಿಟಿಯಂ, ಅಂದರೆ ವಿಕಿರಣ ಬಿಡುವ ಒಂದು ಬಗೆಯ ಹೈಡ್ರೋಜನ್, ಜಾಸ್ತಿ ಕಂಡಿತು. ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. 50ಕ್ಕೂ ಹೆಚ್ಚು ಜನ ಆ ನೀರು ಕುಡಿದಿದ್ದರು. ಸುದ್ದಿ ಹೊರಗೆ ಬಂದದ್ದು ಆ ವಾರದ ಕೊನೆಗೆ. ಯಾರೋ ಬೇಕಂತಲೇ ಬೆರೆಸಿದ್ದಾರೆ ಅಂತ ಆಗಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಪೊಲೀಸ್ ದೂರು ದಾಖಲಾಯಿತು.

ಈಗ ಇದನ್ನು ಬಿಡಿಸಿ ನೋಡೋಣ. ಟ್ರಿಟಿಯಂ ಹೊರಗಿನಿಂದ ಬಂದ ವಸ್ತು ಅಲ್ಲ. ಕೈಗಾದಂಥ ರಿಯಾಕ್ಟರ್‌ನಲ್ಲಿ ಭಾರಜಲ ಓಡಾಡುತ್ತಲೇ ಇರುತ್ತದೆ, ಅದು ನ್ಯೂಟ್ರಾನ್ ಹೀರಿಕೊಂಡಾಗ ಟ್ರಿಟಿಯಂ ಹುಟ್ಟುತ್ತದೆ. ಪ್ರಯೋಗಾಲಯಕ್ಕೆ ಪರೀಕ್ಷೆಗೆ ಅಂತ ಭಾರಜಲದ ಮಾದರಿ ಸಣ್ಣ ಶೀಷೆಗಳಲ್ಲಿ ಹೋಗುತ್ತಿರುತ್ತದೆ. ಹಾಗಾದರೆ ಮೊದಲ ಪ್ರಶ್ನೆ: ಆ ಶೀಷೆಗಳ ಲೆಕ್ಕ ಯಾರು ಇಡುತ್ತಿದ್ದರು?

ಟ್ರಿಟಿಯಂ ಬಿಡುವ ಬೀಟಾ ಕಣ ತೀರಾ ದುರ್ಬಲ, ಚರ್ಮವನ್ನೂ ದಾಟುವುದಿಲ್ಲ. ಮೈಯೊಳಗೆ ಸೇರಿದರೆ ಮಾತ್ರ ತೊಂದರೆ. ಅದರ ಅರ್ಧಾಯುಷ್ಯ 12.3 ವರ್ಷ. ಆದರೆ ದೇಹದಲ್ಲಿ ನೀರಿನ ಜೊತೆ ಸೇರಿಕೊಂಡು ನೀರಿನ ಜೊತೆಗೇ ಹೊರಗೆ ಹೋಗುತ್ತದೆ, ಸುಮಾರು ಹತ್ತು ದಿನಕ್ಕೆ ಅರ್ಧ. ಅದಕ್ಕೇ ಜಾಸ್ತಿ ನೀರು ಕುಡಿಸಿ, ಮೂತ್ರ ಹೋಗುವ ಔಷಧಿ ಕೊಡುವುದು. ಇದರಿಂದ ಎರಡನೇ ಪ್ರಶ್ನೆ ಹುಟ್ಟುತ್ತದೆ. ಹಿಂದಿನ ಮೂತ್ರ ಪರೀಕ್ಷೆ ಯಾವಾಗ ಆಗಿತ್ತು? ಎರಡು ಪರೀಕ್ಷೆಗಳ ನಡುವೆ ಎಷ್ಟು ದಿನ ಅನ್ನುವುದರ ಮೇಲೆ ಲೆಕ್ಕ ಹಾಕಿದ ಡೋಸ್ ಬದಲಾಗುತ್ತದೆ.

ಮೂರನೆಯದು ಎದೆಯ ಮೇಲಿನ ಬ್ಯಾಡ್ಜ್. ಕೆಲಸಗಾರರು ಹಾಕಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಹೊರಗಿನಿಂದ ಬೀಳುವ ವಿಕಿರಣವನ್ನು ಅಳೆಯುತ್ತದೆ. ಕುಡಿದ ಟ್ರಿಟಿಯಂ ಅದಕ್ಕೆ ಕಾಣಿಸುವುದೇ ಇಲ್ಲ. “ಬ್ಯಾಡ್ಜ್ ನಾರ್ಮಲ್ ಇದೆ” ಅಂತ ಯಾರಾದರೂ ಹೇಳಿದರೆ ಅದು ಈ ಪ್ರಕರಣಕ್ಕೆ ಉತ್ತರವೇ ಅಲ್ಲ.

ಇನ್ನೊಂದು ವಿಷಯ. ಇಲ್ಲಿ ಎರಡು ದಾರಿಗಳಿವೆ, ಅವು ಎಲ್ಲೂ ಸೇರುವುದಿಲ್ಲ. ಯಾರಿಗೆ ಎಷ್ಟು ಡೋಸ್ ಅನ್ನೋದು ಎಇಆರ್‌ಬಿಯ ದಾರಿ. ಯಾರು ಬೆರೆಸಿದರು ಅನ್ನೋದು ಪೊಲೀಸರ ದಾರಿ. ನಾವು ಎರಡನ್ನೂ ಒಬ್ಬರ ಹತ್ತಿರವೇ ಕೇಳುತ್ತೇವೆ, ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಡೋಸ್‌ನ ಪ್ರಶ್ನೆಯನ್ನು ಪೊಲೀಸರ ಹತ್ತಿರ, ಅಪರಾಧಿಯ ಪ್ರಶ್ನೆಯನ್ನು ಎಇಆರ್‌ಬಿ ಹತ್ತಿರ ಕೇಳಿ ಸಮಯ ಹಾಳು ಮಾಡಬೇಡಿ. ಎಫ್‌ಐಆರ್ ಪ್ರತಿ ಈಗ ಪೊಲೀಸ್ ಇಲಾಖೆಯ ಜಾಲತಾಣದಲ್ಲೇ ಸಿಗಬೇಕು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದದ್ದನ್ನು ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅಣುಸ್ಥಾವರದ್ದನ್ನು ಸೂಕ್ಷ್ಮ ಅನ್ನುವ ಸಾಧ್ಯತೆ ಜಾಸ್ತಿ ಅನ್ನೋದೂ ಗೊತ್ತಿರಲಿ.

ಅಂಕಿಗಳನ್ನು ಹೇಗೆ ಓದಬೇಕು

ಬೆಕೆರೆಲ್ ಅಂದರೆ ನೀರಿನಲ್ಲೋ ಹಾಲಿನಲ್ಲೋ ಎಷ್ಟು ವಿಕಿರಣ ವಸ್ತು ಇದೆ ಅನ್ನೋ ಲೆಕ್ಕ. ಸೀವರ್ಟ್ ಅಂದರೆ ಅದರಿಂದ ಮೈಗೆ ಎಷ್ಟು ಪೆಟ್ಟು ಅನ್ನೋ ಲೆಕ್ಕ. ಒಂದನ್ನು ಕೇಳಿದರೆ ಇನ್ನೊಂದನ್ನು ಹೇಳುವ ಅಭ್ಯಾಸ ಕೆಲವು ಅಧಿಕಾರಿಗಳಿಗೆ ಇದೆ. ಎರಡನ್ನೂ ಕೇಳಿ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ. ಸ್ಥಾವರದ ಕೆಲಸಗಾರರಿಗೆ ಯಾವುದೇ ಒಂದು ವರ್ಷದಲ್ಲಿ 30, ಐದು ವರ್ಷದಲ್ಲಿ ಒಟ್ಟು 100. ಕುಡಿಯುವ ನೀರಿನ ಟ್ರಿಟಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10,000 ಬೆಕೆರೆಲ್. ಪ್ರಕೃತಿಯಿಂದಲೇ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಈ ಕೊನೆಯ ಅಂಕಿಯನ್ನು ಹೇಳಿಕೆಗಳಲ್ಲಿ ಯಾವಾಗಲೂ ಹಾಕುತ್ತಾರೆ. ತಪ್ಪೇನಿಲ್ಲ. ಆದರೆ ಅದು ಹೋಲಿಕೆಗೆ ಮಾತ್ರ, ಮಿತಿ ಅದಲ್ಲ.

ಎಇಆರ್‌ಬಿ ತನ್ನ ವಾರ್ಷಿಕ ವರದಿಯಲ್ಲಿ ಒಂದೊಂದು ಸ್ಥಾವರ ನೀರಿಗೆ, ಗಾಳಿಗೆ ಬಿಟ್ಟದ್ದು ಅನುಮತಿಸಿದ ಮಿತಿಯ ಶೇಕಡಾ ಎಷ್ಟು ಅಂತ ಕೊಡುತ್ತದೆ. ಎಲ್ಲರೂ “ಮಿತಿಯೊಳಗೆ” ಅಂತ ಓದಿ ಮುಚ್ಚಿಡುತ್ತಾರೆ. ನಾನು ನೋಡುವುದು ಹಿಂದಿನ ವರ್ಷಗಳ ಜೊತೆ ಇಟ್ಟು. ಕೈಗಾದ ಸಾಲು ಒಂದೇ ತೆಗೆದುಕೊಳ್ಳಿ, ಐದು ವರ್ಷದ್ದು ಒಂದರ ಕೆಳಗೊಂದು ಬರೆಯಿರಿ. ಒಂದು ವರ್ಷ ಶೇಕಡಾ 10 ಇದ್ದದ್ದು ಮುಂದಿನ ವರ್ಷ 30 ಆದರೆ ಅದೂ ಮಿತಿಯೊಳಗೇ. ಆದರೆ ಏನೋ ಒಂದು ಬದಲಾಗಿದೆ ಅಲ್ವಾ? ಪ್ರಶ್ನೆ ಕೇಳಬೇಕಾದ್ದು ಅಲ್ಲಿ. ಅದೇ ವರದಿಯಲ್ಲಿ ಆ ವರ್ಷದ ಗಮನಾರ್ಹ ಘಟನೆಗಳ ಪಟ್ಟಿಯೂ ಇರುತ್ತದೆ, ಐಎನ್‌ಇಎಸ್ ಮಟ್ಟದ ಜೊತೆ. ಇದಕ್ಕೆ ಅರ್ಜಿ ಬೇಡ, ಫೀಸು ಬೇಡ, ಜಾಲತಾಣದಲ್ಲಿ ಬಿದ್ದಿದೆ.

ನಿರಾಕರಣೆ ಓದುವುದೂ ಒಂದು ಕಲೆ. 2019ರ ಅಕ್ಟೋಬರ್ 29ರಂದು ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರ, ಸೈಬರ್ ದಾಳಿ ಆಗಿದೆ ಅನ್ನೋದು ಸುಳ್ಳು ಸುದ್ದಿ ಅಂತ ಹೇಳಿಕೆ ಕೊಟ್ಟಿತು. ಮರುದಿನವೇ ಎನ್‌ಪಿಸಿಐಎಲ್, ಹೌದು, ತನ್ನ ವ್ಯವಸ್ಥೆಯಲ್ಲಿ ಮಾಲ್‌ವೇರ್ ಸಿಕ್ಕಿತ್ತು, ಸೆಪ್ಟೆಂಬರ್ 4ರಂದೇ ತಿಳಿದಿತ್ತು, ಅದು ಆಡಳಿತದ ಕಂಪ್ಯೂಟರ್, ಸ್ಥಾವರ ನಡೆಸುವ ಜಾಲ ಬೇರೆ ಅಂತ ಹೇಳಿತು. ಮೊದಲ ಹೇಳಿಕೆಯನ್ನು ಮತ್ತೆ ಓದಿದರೆ ಅದು ಮಾತಾಡಿದ್ದು ಸ್ಥಾವರ ನಡೆಸುವ ಕಂಪ್ಯೂಟರ್‌ಗಳ ಬಗ್ಗೆ. ಆಡಳಿತದ ಕಂಪ್ಯೂಟರ್ ಬಗ್ಗೆ ಚಕಾರ ಇರಲಿಲ್ಲ. ಹೇಳಿಕೆ ಯಾವುದನ್ನು ಇಲ್ಲ ಅನ್ನುತ್ತಿದೆ, ಯಾವುದರ ಸುದ್ದಿಗೇ ಹೋಗಿಲ್ಲ ಅಂತ ಗೆರೆ ಎಳೆದು ನೋಡಿ.

ಆರ್‌ಟಿಐ ಹಾಕುವ ರೀತಿ

ಎಇಆರ್‌ಬಿ, ಎನ್‌ಪಿಸಿಐಎಲ್, ಬಾರ್ಕ್ ಎಲ್ಲ ಕೇಂದ್ರದ್ದು. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ಮನೆಯಲ್ಲೇ ಕೂತು ಹಾಕಬಹುದು. 500 ಪದದೊಳಗೆ ಇರಲಿ. ಡಿಸಿ ಕಚೇರಿ, ಪೊಲೀಸ್, ಮಾಲಿನ್ಯ ಮಂಡಳಿ ರಾಜ್ಯದ್ದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಇದನ್ನು ಮರೆತು ಪುಟಗಟ್ಟಲೆ ಬರೆದರೆ ವಾಪಸ್ ಬರುತ್ತದೆ. ಕನ್ನಡದಲ್ಲೇ ಬರೆಯಬಹುದು, ಕಾನೂನಿನಲ್ಲಿ ಅವಕಾಶ ಇದೆ. ಆದರೆ ಮುಂಬೈಗೆ ಹೋಗುವ ಅರ್ಜಿಯ ಜೊತೆ ಇಂಗ್ಲಿಷ್ ಪ್ರತಿ ಇಟ್ಟರೆ ಕೆಲಸ ಬೇಗ ಆಗುತ್ತದೆ.

“ಯಾಕೆ ಹೀಗಾಯಿತು?” ಅಂತ ಕೇಳಬೇಡಿ. ಆರ್‌ಟಿಐನಲ್ಲಿ ಕಚೇರಿಯಲ್ಲಿ ಇರುವ ದಾಖಲೆ ಕೊಡುತ್ತಾರೆ, ವಿವರಣೆ ಕೊಡುವ ಹೊಣೆ ಅವರಿಗಿಲ್ಲ. ನಾನು ಬರೆಯುವುದು ಹೀಗೆ:

“ಇಂಥ ದಿನಾಂಕದಂದು ಕೈಗಾದ ಇಂಥ ಯೂನಿಟ್‌ನಲ್ಲಿ ನಡೆದ ಘಟನೆಯ ಬಗ್ಗೆ ಸ್ಥಾವರದಿಂದ ತಮ್ಮ ಕಚೇರಿಗೆ ಬಂದ ಘಟನಾ ವರದಿಯ ಪ್ರತಿ ಮತ್ತು ಅದು ತಲುಪಿದ ದಿನಾಂಕ. ಈ ಘಟನೆಗೆ ಕೊಟ್ಟ ಐಎನ್‌ಇಎಸ್ ಮಟ್ಟ, ತಾತ್ಕಾಲಿಕ ಮತ್ತು ಅಂತಿಮ ಎರಡೂ. ಸಾರ್ಕಾಪ್ ಸಭೆಯ ನಡಾವಳಿಯಲ್ಲಿ ಈ ಘಟನೆಗೆ ಸಂಬಂಧಿಸಿದ ಭಾಗ. ಸಮಿತಿ ಮಾಡಿದ ಶಿಫಾರಸುಗಳು ಮತ್ತು ಒಂದೊಂದನ್ನೂ ಜಾರಿ ಮಾಡಿದ ದಿನಾಂಕ. ಇದರಲ್ಲಿ ಗೌಪ್ಯ ಅನ್ನಿಸುವ ಭಾಗ ಇದ್ದರೆ ಕಾಯ್ದೆಯ 10ನೇ ಕಲಂ ಪ್ರಕಾರ ಅಷ್ಟನ್ನು ಮಾತ್ರ ತೆಗೆದು ಉಳಿದದ್ದನ್ನು ಕೊಡಬೇಕು.”

ಕೊನೆಯ ವಾಕ್ಯ ಬಿಡಲೇಬೇಡಿ. ಒಂದು ಕಚೇರಿಯಿಂದ ನನಗೆ ಮೊದಲು ಬಂದ ಉತ್ತರ ಒಂದೇ ಸಾಲು, ಇದು ದೇಶದ ಭದ್ರತೆಗೆ ಸಂಬಂಧಿಸಿದ್ದು, 8(1)(ಎ) ಪ್ರಕಾರ ಕೊಡಲಾಗದು. ಮೇಲ್ಮನವಿಯಲ್ಲಿ 10ನೇ ಕಲಂ ಮುಂದಿಟ್ಟೆ. ಎರಡು ಹಾಳೆ ಬಂದವು, ಅರ್ಧಕ್ಕರ್ಧ ಕಪ್ಪು ಬಳಿದಿದ್ದರು. ಆದರೆ ವರದಿ ಬರೆದ ದಿನಾಂಕ, ತಲುಪಿದ ದಿನಾಂಕ ಎರಡಕ್ಕೂ ಕಪ್ಪು ಬಳಿದಿರಲಿಲ್ಲ. ಸುದ್ದಿಗೆ ಅಷ್ಟು ಸಾಕಾಯಿತು.

ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಬಂದದ್ದು ಸಮಾಧಾನ ಆಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೇ ಕಚೇರಿಯ ಮೇಲಧಿಕಾರಿಗೆ. ಆಮೇಲೆ 90 ದಿನದೊಳಗೆ, ಕೇಂದ್ರದ ಕಚೇರಿಯಾದರೆ, ಕೇಂದ್ರ ಮಾಹಿತಿ ಆಯೋಗ. ತಪ್ಪು ಕಚೇರಿಗೆ ಹಾಕಿದ್ದರೂ ಐದು ದಿನದಲ್ಲಿ ಸರಿಯಾದ ಕಚೇರಿಗೆ ಕಳಿಸಬೇಕಾದ್ದು ಅವರ ಕೆಲಸ. ಆಯೋಗ ಗಟ್ಟಿಯಾಗಿ ನಿಂತ ಉದಾಹರಣೆ ಇದೆ. 2012ರಲ್ಲಿ ಕೂಡಂಕುಳಂನ ಸ್ಥಳ ಪರಿಶೀಲನಾ ವರದಿ, ಸುರಕ್ಷಾ ವಿಶ್ಲೇಷಣಾ ವರದಿ ಎರಡನ್ನೂ ಬಹಿರಂಗ ಮಾಡಿ ಅಂತ ಎನ್‌ಪಿಸಿಐಎಲ್‌ಗೆ ಆದೇಶಿಸಿತ್ತು. ಎನ್‌ಪಿಸಿಐಎಲ್ ದೆಹಲಿ ಹೈಕೋರ್ಟಿಗೆ ಹೋಯಿತು ಅನ್ನೋದು ಮುಂದಿನ ಕತೆ. ಆಯೋಗದಲ್ಲಿ ಗೆದ್ದ ಮಾತ್ರಕ್ಕೆ ಕಾಗದ ಕೈಗೆ ಬರುತ್ತದೆ ಅಂತಿಲ್ಲ.

ತಕರಾರು ಇದ್ದರೆ

ಮಲ್ಲಾಪುರ ಕಡೆಯಿಂದ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗರಿಗೆ ನಾನು ಹೇಳುವುದು ಎರಡು ಮಾತು. ಒಂದು, ಬ್ಯಾಡ್ಜ್‌ನ ಡೋಸ್ ಮತ್ತು ಮೂತ್ರ ಪರೀಕ್ಷೆಯ ಡೋಸ್ ಎರಡನ್ನೂ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಗುತ್ತಿಗೆದಾರ ಬದಲಾಗಬಹುದು, ಡೋಸ್ ದಾಖಲೆ ನಿಮ್ಮದು. ನೋಡುವ ಹಕ್ಕು ನಿಮಗಿದೆ. ಇನ್ನೊಂದು, ಪೆಟ್ಟಾಗುವುದು ಜಾಸ್ತಿ ವಿಕಿರಣದಿಂದಲ್ಲ. ಎತ್ತರದಿಂದ ಬೀಳುವುದು, ಕರೆಂಟ್ ಹೊಡೆಯುವುದು, ಭಾರ ಮೇಲೆ ಬೀಳುವುದು, ಇವೇ. ಹೊರಗಿನ ಫ್ಯಾಕ್ಟರಿಯಲ್ಲಿ ಹೀಗಾದರೆ ರಾಜ್ಯದ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರುತ್ತಾರೆ. ಕೈಗಾಕ್ಕೆ ಅವರು ಬರುವುದಿಲ್ಲ. ಅಣುಶಕ್ತಿ ಇಲಾಖೆಯ ಸ್ಥಾವರಗಳಲ್ಲಿ 1948ರ ಫ್ಯಾಕ್ಟರಿ ಕಾಯ್ದೆ ಜಾರಿ ಮಾಡುತ್ತ ಬಂದದ್ದೂ ಎಇಆರ್‌ಬಿಯೇ. ರಾಜ್ಯದ ಕಚೇರಿಗೆ ಅಲೆದು ಅಲೆದು “ನಮಗೆ ಬರೋದಿಲ್ಲ” ಅಂತ ಕೇಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ಕೂಲಿಯ ತಕರಾರಿಗೂ ಅಷ್ಟೇ, ಕೇಂದ್ರ ಕಾರ್ಮಿಕ ಆಯುಕ್ತರ ಕಡೆಯ ಕಚೇರಿಗೆ ಹೋಗಬೇಕು.

ಮೀನು, ನೀರು, ಗದ್ದೆಯ ತಕರಾರು ಇದ್ದರೆ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ದೂರು ಬಿಸಿನೀರಿನದ್ದಾ, ವಿಕಿರಣದ್ದಾ? ಬಿಸಿನೀರು, ಕಾಡು ಕಡಿದದ್ದು, ಪರಿಸರ ಅನುಮತಿಯ ಷರತ್ತು ಮುರಿದದ್ದು ಆದರೆ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ತಕರಾರು ಹುಟ್ಟಿ ಆರು ತಿಂಗಳೊಳಗೆ ಹೋಗಬೇಕು. ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ 30 ದಿನ, ಸರಿಯಾದ ಕಾರಣ ಇದ್ದರೆ ಇನ್ನೂ 60. ಆದರೆ ಆ ನ್ಯಾಯಮಂಡಳಿ ನೋಡುವ ಕಾನೂನುಗಳ ಪಟ್ಟಿಯಲ್ಲಿ ಪರಮಾಣು ಶಕ್ತಿಯ ಕಾನೂನು ಇಲ್ಲ. ವಿಕಿರಣದ ದೂರನ್ನೇ ಮುಖ್ಯ ಮಾಡಿಕೊಂಡು ಹೋದರೆ ಬಾಗಿಲಲ್ಲೇ ನಿಲ್ಲಿಸಬಹುದು. ಆ ದೂರಿಗೆ ಹೈಕೋರ್ಟ್. ಕೂಡಂಕುಳಂನವರು ಆ ದಾರಿಯಲ್ಲೇ ಸುಪ್ರೀಂ ಕೋರ್ಟಿನವರೆಗೆ ಹೋದರು. 2013ರ ಮೇ 6ರಂದು ಸ್ಥಾವರ ನಿಲ್ಲಿಸಲು ಕೋರ್ಟ್ ಒಪ್ಪಲಿಲ್ಲ, ಆದರೆ ಪಾಲಿಸಲೇಬೇಕಾದ 15 ನಿರ್ದೇಶನಗಳನ್ನು ಕೊಟ್ಟಿತು. ಸೋತ ಕೇಸಿನಿಂದಲೂ ಇಂಥ ಪಟ್ಟಿ ಸಿಗುತ್ತದೆ. ಆಮೇಲೆ ಅದನ್ನು ಹಿಡಿದು ಒಂದೊಂದಾಗಿ ಕೇಳಬಹುದು.

ಹಾಗೇ ಕೈಗಾದಲ್ಲಿ ಹೊಸದಾಗಿ ಕಟ್ಟುವ 5 ಮತ್ತು 6ನೇ ಯೂನಿಟ್‌ಗಳ ಅಹವಾಲು ಸಭೆ 2018ರ ಡಿಸೆಂಬರ್‌ನಲ್ಲಿ ನಡೆಯಿತಲ್ಲ, ಅಂಥ ಸಭೆಗಳಲ್ಲಿ ಮೈಕ್ ಸಿಗದಿದ್ದರೂ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೂಗಿದ್ದು ನಡಾವಳಿಗೆ ಬರುವುದು ಕಷ್ಟ, ಬರೆದು ಕೊಟ್ಟದ್ದನ್ನು ಸೇರಿಸಲೇಬೇಕು.

ನಿಜಕ್ಕೂ ಸೈರನ್ ಕೂಗಿದ ದಿನ

ಆ ದಿನ ಆರ್‌ಟಿಐ ಮಾತು ಬೇಡ. ಮನೆಯೊಳಗೆ ಹೋಗಿ, ಕಿಟಕಿ ಬಾಗಿಲು ಮುಚ್ಚಿ, ಬಾವಿಗೆ, ತೆರೆದಿಟ್ಟ ನೀರಿಗೆ, ಅಡುಗೆಗೆ ಮುಚ್ಚಳ ಹಾಕಿ, ಡಿಸಿ ಕಡೆಯಿಂದ ಬರುವ ಸೂಚನೆ ಮಾತ್ರ ಕೇಳಿ. ಅಯೋಡಿನ್ ಮಾತ್ರೆಯನ್ನು ಅವರು ನುಂಗಿ ಅಂದಾಗ ಮಾತ್ರ ನುಂಗಿ. ಅದು ವಿಕಿರಣದ ಅಯೋಡಿನ್ ಥೈರಾಯ್ಡ್‌ಗೆ ಸೇರದ ಹಾಗೆ ತಡೆಯುತ್ತದೆ ಅಷ್ಟೇ, ಟ್ರಿಟಿಯಂಗೆ ಅದರಿಂದ ಏನೂ ಆಗುವುದಿಲ್ಲ. ಅಣಕು ಕಾರ್ಯಾಚರಣೆ ನಡೆದಾಗ ಮನೆಯವರನ್ನು ಕರೆದುಕೊಂಡು ಹೋಗಿ ನೋಡಿ. ನಿಮ್ಮ ಹಳ್ಳಿಯವರನ್ನು ಯಾವ ಶಾಲೆಗೆ ಕರೆದೊಯ್ಯುತ್ತಾರೆ, ಬಸ್ ಎಲ್ಲಿ ನಿಲ್ಲುತ್ತದೆ ಅಂತ ಆಗಲೇ ಕೇಳಿ. ಆಮೇಲೆ ಅದರ ವರದಿಯನ್ನು ಡಿಸಿ ಕಚೇರಿಗೆ ಅರ್ಜಿ ಹಾಕಿ ತರಿಸಿಕೊಳ್ಳಿ. ಬಸ್ ಎಷ್ಟು ಹೊತ್ತಿಗೆ ಬರಬೇಕಿತ್ತು, ಎಷ್ಟು ಹೊತ್ತಿಗೆ ಬಂತು ಅನ್ನೋ ಎರಡು ಅಂಕಿ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಯಾಕಿಲ್ಲ ಅಂತ ನಿಮ್ಮ ಶಾಸಕರಿಗೆ ಬರೆಯಿರಿ. ಕೇಂದ್ರದ ವಿಷಯ ಆದರೆ ಸಂಸದರ ಮೂಲಕ ಪ್ರಶ್ನೆ ಹಾಕಿಸಿ. ಅಣುಶಕ್ತಿ ಇಲಾಖೆ ಪ್ರಧಾನಿಯವರ ಕೈಕೆಳಗಿದೆ, ಸದನದಲ್ಲಿ ಕೊಟ್ಟ ಲಿಖಿತ ಉತ್ತರ ಎಲ್ಲರಿಗೂ ಸಿಗುತ್ತದೆ. ನಿಮ್ಮ ಅರ್ಜಿಗೆ ಕೊಡದ ಅಂಕಿ ಅಲ್ಲಿ ಬಂದದ್ದೂ ಉಂಟು.

ಫೈಲಿನ ಮೇಲೆ ಘಟನೆಯ ದಿನಾಂಕ, ಯೂನಿಟ್ ನಂಬರ್, ಅರ್ಜಿಯ ನೋಂದಣಿ ಸಂಖ್ಯೆ ಬರೆದಿಡಿ. ಎಇಆರ್‌ಬಿ ವಾರ್ಷಿಕ ವರದಿ ತಡವಾಗಿ ಬರುತ್ತದೆ, ಈ ವರ್ಷ ಆದದ್ದು ಮುಂದಿನ ವರ್ಷ ಓದಲು ಸಿಗುತ್ತದೆ. ಬಂದ ದಿನ ಘಟನೆಗಳ ಪಟ್ಟಿ ತೆಗೆದು ನಿಮ್ಮ ಫೈಲಿನ ಜೊತೆ ತಾಳೆ ಹಾಕಿ. ನಿಮ್ಮದು ಪಟ್ಟಿಯಲ್ಲಿ ಇಲ್ಲವಾದರೆ, ಗಮನಾರ್ಹ ಅಲ್ಲ ಅಂತ ತೀರ್ಮಾನಿಸಿದ ಟಿಪ್ಪಣಿಯ ಪ್ರತಿ ಕೇಳಿ ಇನ್ನೊಂದು 10 ರೂಪಾಯಿ ಕಟ್ಟಿ.